ಕೈ ಇಡಲು ಐದು ಜಾಗ

ರೋಡ್ ಬೈಕಿನ ಹ್ಯಾಂಡಲ್ಲು ಟಗರಿನ ಕೊಂಬಿನಂತೆ ಮುಂದಕ್ಕೆ ಹೋಗಿ, ಕೆಳಕ್ಕೆ ಸುತ್ತಿ, ಮತ್ತೆ ಸವಾರನ ಕಡೆಗೇ ತಿರುಗುತ್ತದೆ. ಅದರ ಮೇಲೆ ಕೈ ಇಡಲು ಐದು ಜಾಗಗಳಿವೆ ಎನ್ನುತ್ತಾರೆ ಬಲ್ಲವರು. ನಡುವಿನ ನೇರ ಭಾಗ ಟಾಪ್ಸ್. ಅದು ಮುಂದಕ್ಕೆ ಬಾಗುವಲ್ಲಿ ಒಂದು ಮೂಲೆ. ಬ್ರೇಕ್ ಕೂತಿರುವ ರಬ್ಬರ್ ಹಿಡಿ ಹುಡ್ಸ್. ಕೆಳಗಿನ ಬಾಗು ಡ್ರಾಪ್ಸ್. ಆ ಬಾಗು ಹಿಂದಕ್ಕೆ ಬಂದು ಮುಗಿಯುವ ತುದಿ ಐದನೆಯದು. ಒಂದೇ ಜಾಗದಲ್ಲಿ ಹಾಯಾಗಿ ಇರಲು ಆಗುವಂತಿದ್ದರೆ ಉಳಿದ ನಾಲ್ಕು ಯಾಕೆ ಬೇಕಿತ್ತು ಎಂಬ ಪ್ರಶ್ನೆ ಕೊಳ್ಳುವ ಮುಂಚೆ ಯಾರಿಗೂ ಹೊಳೆಯುವುದಿಲ್ಲ. ಹೊಳೆಯಲು ಅಂಗಡಿಯವನು ಬಿಡುವುದೂ ಇಲ್ಲ.

ಪೋಸ್ಟರುಗಳಲ್ಲಿ ಎಲ್ಲರೂ ಡ್ರಾಪ್ಸ್ ಹಿಡಿದು ಗಾಳಿಯನ್ನು ಸೀಳುತ್ತಿರುತ್ತಾರೆ. ಭಾನುವಾರ ಬೆಳಗಿನ ಜಾವ ಯಲಹಂಕ ದಾಟಿ ನಂದಿ ಬೆಟ್ಟದ ಕಡೆ ಹೊರಡುವ ನಮ್ಮ ಗುಂಪನ್ನು ನೋಡಿ; ಹೆಚ್ಚಿನವರ ಕೈ ಹುಡ್ಸ್ ಮೇಲೇ. ಯಾರಾದರೂ ಫೋಟೊ ತೆಗೆಯುತ್ತಿದ್ದಾರೆ ಎಂದರೆ ಮಾತ್ರ ಎಲ್ಲರೂ ಒಟ್ಟಿಗೆ ಕೆಳಗೆ ಬಾಗುತ್ತೇವೆ. ಬಾಗಿದ ತಕ್ಷಣ ಹೊಟ್ಟೆಗೂ ತೊಡೆಗೂ ಜಾಗದ ತಕರಾರು ಶುರುವಾಗುತ್ತದೆ. ಫೋಟೊ ಮುಗಿಯುವವರೆಗೆ ಉಸಿರು ಬಿಗಿಹಿಡಿದಿದ್ದು ಆಮೇಲೆ ಮೇಲೆದ್ದು ಬಿಡುತ್ತೇವೆ.

ಡ್ರಾಪ್ಸ್ ಬರೀ ಶೋಕಿಗಲ್ಲ ಅನ್ನಿ. ಎದೆಗೆ ತಗಲುವ ಗಾಳಿ ಕಮ್ಮಿಯಾಗುತ್ತದೆ, ಬ್ರೇಕಿನ ಮೇಲೆ ಬೆರಳಿಗೆ ಪೂರಾ ಹಿಡಿತ ಸಿಗುತ್ತದೆ. 1,478 ಮೀಟರ್ ಎತ್ತರದ ನಂದಿಯಿಂದ ಇಳಿಯುವಾಗ ಒಂದೊಂದು ತಿರುವಿನಲ್ಲೂ ಇದರ ಬೆಲೆ ಗೊತ್ತಾಗುತ್ತದೆ. ಹತ್ತುವಾಗ ಟಾಪ್ಸ್ ಸುಖ. ಬೆನ್ನು ನೆಟ್ಟಗಾಗಿ ಎದೆ ತುಂಬ ಉಸಿರು ಬರುತ್ತದೆ. ಆದರೆ ಅಲ್ಲಿಂದ ಬ್ರೇಕ್ ಎಟುಕುವುದಿಲ್ಲ. ಬಣ್ಣ ಬಳಿಯದ ಹಂಪುಗಳ ಊರಿನಲ್ಲಿ ಟಾಪ್ಸ್ ಹಿಡಿದು ಹೋಗುವವನಿಗೆ ದೈವಭಕ್ತಿ ತಾನಾಗಿಯೇ ಬರುತ್ತದೆ.

ನಮ್ಮ ಸೋದರಮಾವ ಅಟ್ಲಾಸ್ ಸೈಕಲ್ಲಿನ ಕಾಲದವರು. ಒಳಪೆಡ್ಲು ತುಳಿದು ಕಲಿತು, ಆಮೇಲೆ ಕ್ಯಾರಿಯರಿನಲ್ಲಿ ಅಕ್ಕಿ ಮೂಟೆ, ಬಾರಿನ ಮೇಲೆ ಮಗಳನ್ನು ಕೂರಿಸಿಕೊಂಡು, ಎದುರು ಸಿಕ್ಕ ಮೇಷ್ಟ್ರಿಗೆ ಒಂದು ಕೈ ಎತ್ತಿ ನಮಸ್ಕಾರ ಮಾಡುತ್ತಲೇ ಸಾಗಿದವರು. ಆ ಹ್ಯಾಂಡಲ್ಲಿಗೆ ಕೈ ಇಡಲು ಇದ್ದದ್ದು ಒಂದೇ ಜಾಗ, ಕೈ ನೋಯುತ್ತದೆ ಅಂತ ಅವರು ಯಾವತ್ತೂ ಹೇಳಿದ್ದಿಲ್ಲ. ನನ್ನನ್ನು ಡ್ರಾಪ್ಸ್‌ನಲ್ಲಿ ಕಂಡ ದಿನ ಗೇಟಿನ ಹತ್ತಿರವೇ ಕೂಗಿದರು: "ಏನೋ ಅದು, ಏನ್ ಬೀಳಿಸ್ಕೊಂಡ್ಯೋ? ತಡಿ, ನಾನೂ ಬಂದು ಹುಡುಕ್ತೀನಿ."

ನೋವು ಬಿಡಿ, ನಿಜವಾದ ಕಾಟ ಜೋಮು. ಮೊಣಕೈ ಬಾಗಿಲಿಗೆ ತಗಲಿದಾಗ ಕರೆಂಟು ಹೊಡೆಸುತ್ತದಲ್ಲ, ಅದೇ ಅಲ್ನಾರ್ ನರ ಅಂಗೈ ಬುಡದಲ್ಲಿ ಕಿರುಬೆರಳಿನ ಕಡೆಯಿಂದ ಹಾಯುತ್ತದೆ. ಅಲ್ಲಿ ಅದಕ್ಕೆ ಹೆಚ್ಚಿನ ಮಾಂಸದ ರಕ್ಷಣೆ ಇಲ್ಲ. ಗಂಟೆಗಟ್ಟಲೆ ಅದರ ಮೇಲೆ ಮೈಭಾರ ಹೇರಿದರೆ ಕಿರುಬೆರಳೂ ಉಂಗುರ ಬೆರಳಿನ ಅರ್ಧವೂ ಮರಗಟ್ಟುತ್ತವೆ. ಡಾಕ್ಟರುಗಳು ಇದಕ್ಕೆ ಹ್ಯಾಂಡಲ್‌ಬಾರ್ ಪಾಲ್ಸಿ ಎಂದು ಹೆಸರನ್ನೇ ಇಟ್ಟಿದ್ದಾರೆ. ದೇವನಹಳ್ಳಿಯ ಹೋಟೆಲಿನಲ್ಲಿ ಇಡ್ಲಿ ಮುರಿದು ಚಟ್ನಿಗೆ ಅದ್ದುವಾಗ ನೋಡಬೇಕು. ಮೂರು ಬೆರಳು ಶ್ರದ್ಧೆಯಿಂದ ಕೆಲಸ ಮಾಡುತ್ತಿರುತ್ತವೆ. ಕಿರುಬೆರಳು ಮಾತ್ರ ತನಗೂ ಈ ತಿಂಡಿಗೂ ಸಂಬಂಧವಿಲ್ಲವೆಂಬಂತೆ ನೆಟ್ಟಗೆ ನಿಂತು, ಚಟ್ನಿಯಲ್ಲಿ ಮುಳುಗಿದರೂ ಸುದ್ದಿ ಮುಟ್ಟಿಸುವುದಿಲ್ಲ.

ಮೆಕ್ಯಾನಿಕ್ಕಿನ ಹತ್ತಿರ ಹೋದೆ. ಅವನು ಕೈ ನೋಡಲಿಲ್ಲ, ಹ್ಯಾಂಡಲ್ಲೂ ನೋಡಲಿಲ್ಲ. ಸೀಟಿನ ಮೇಲೆ ಮಟ್ಟಗೋಲು ಇಟ್ಟ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಅಂದುಕೊಂಡೆ. ಆದರೆ ಈ ಬರೆಗೆ ಎತ್ತಿನ ಜ್ವರ ಇಳಿಯುತ್ತದೆ ಎಂಬುದೇ ವಿಚಿತ್ರ. ಸೀಟಿನ ಮೂತಿ ಕೆಳಗೆ ವಾಲಿದ್ದರೆ ಮೈ ಮುಂದಕ್ಕೆ ಜಾರುತ್ತಲೇ ಇರುತ್ತದೆ, ಅದನ್ನು ತಡೆಯುವ ಪಾಡು ಅಂಗೈಯದು. ಸೀಟು ಮಟ್ಟವಾಯಿತು. ಹ್ಯಾಂಡಲ್ಲನ್ನು ಸೈಕಲ್ಲಿಗೆ ಹಿಡಿದಿಡುವ 100 ಮಿಲಿಮೀಟರಿನ ಸ್ಟೆಮ್ ಹೋಗಿ 80ರದ್ದು ಬಂತು, ಹ್ಯಾಂಡಲ್ಲು ಅಷ್ಟು ಹತ್ತಿರವಾಯಿತು. ಟೇಪು ಎರಡು ಸುತ್ತಾಯಿತು, ಜೆಲ್ ತುಂಬಿದ ಗ್ಲೌಸು ಬಂತು. ಮನೆಯಲ್ಲಿ ಬಿಲ್ಲು ಕೇಳಿದವರಿಗೆ ಮಾತ್ರ ಜೋಮು ಇಳಿದಿಲ್ಲ.

ಉಳಿದ ಮದ್ದು ಹೇಳಿದವನು ವಿಜಯಪುರದ ಕಡೆಯ ಒಬ್ಬ ಹುಡುಗ. ಆ ಸೀಮೆಯ ಹುಡುಗರು ಸೈಕಲ್ ಸ್ಪರ್ಧೆಗಳಲ್ಲಿ ಪದಕ ತರುವುದು ಹೊಸದೇನಲ್ಲ. ನನ್ನ ಚಾಚಿದ ಬಿಗಿ ತೋಳು ನೋಡಿ ಪಕ್ಕಕ್ಕೆ ಬಂದ. "ಕೈ ಮ್ಯಾಲ ಭಾರ ಬಿಡಬ್ಯಾಡ್ರಿ ಸರ. ಮೊಣಕೈ ಒಂಚೂರು ಮಡಚ್ರಿ, ಹೊಟ್ಟಿ ಬಿಗಿ ಹಿಡೀರಿ." ಬಿಗಿ ಹಿಡಿಯುವಂಥ ಹೊಟ್ಟೆ ಯಾವುದು ಎಂದು ಒಂದು ಗಳಿಗೆ ಹುಡುಕಿ, ಸಿಗದೆ, ಮರ್ಯಾದೆಗೆ ಸುಮ್ಮನಾದ.

ಕೈ ಎಲ್ಲಿಡಬೇಕೆಂಬ ಈ ತಲೆನೋವು ದೊಡ್ಡವರನ್ನೂ ಬಿಟ್ಟಿಲ್ಲ. ಸ್ಕಾಟ್ಲೆಂಡಿನ ಗ್ರೇಮ್ ಓಬ್ರಿ ವಾಷಿಂಗ್ ಮೆಷಿನ್ನಿನ ಬೇರಿಂಗ್ ಹಾಕಿ ತಾನೇ ಸೈಕಲ್ ಕಟ್ಟಿದ. ಎರಡೂ ಕೈಗಳನ್ನು ಎದೆಯಡಿ ಮಡಚಿಟ್ಟು 1993ರಲ್ಲಿ ನಾರ್ವೆಯ ಹಾಮಾರ್‌ನಲ್ಲಿ ಒಂದು ಗಂಟೆಗೆ 51.596 ಕಿಲೋಮೀಟರ್ ಹೋದ. ದಾಖಲೆ ಒಂದು ವಾರವೂ ಉಳಿಯಲಿಲ್ಲ. ಮರುವರ್ಷ ಅಂತರರಾಷ್ಟ್ರೀಯ ಸೈಕ್ಲಿಂಗ್ ಒಕ್ಕೂಟ ಆ ಭಂಗಿಯನ್ನೇ ನಿಷೇಧಿಸಿತು. ಆತ ಕೈ ಎರಡನ್ನೂ ಮುಂದಕ್ಕೆ ಚಾಚುವ ಇನ್ನೊಂದು ಭಂಗಿ ತೆಗೆದ, ಅದಕ್ಕೂ ನಿಷೇಧ ಬಂತು. ಟಾಪ್ಸ್ ಮೇಲೆ ಮುಂಗೈ ಊರಿ ಓಡಿಸುವುದನ್ನು 2021ರಲ್ಲಿ ರಸ್ತೆ ರೇಸುಗಳಲ್ಲಿ ನಿಲ್ಲಿಸಿದರು. ಅಂದರೆ ಕೈಗೆ ನೆಮ್ಮದಿ ಕೊಡುವ ಜಾಗ ಯಾರಾದರೂ ಕಂಡುಹಿಡಿದರೆ ಅದನ್ನು ಮುಚ್ಚಿಸಲು ಒಂದು ಕಚೇರಿಯೇ ಇದೆ.

ನಮಗೆ ಉಳಿದಿರುವುದು ಐದೂ ಜಾಗಕ್ಕೆ ಸರದಿಯಂತೆ ಕೈ ಬದಲಿಸುತ್ತಾ, ನಡುನಡುವೆ ಒಂದೊಂದು ಕೈಯನ್ನು ಕೆಳಗಿಳಿಸಿ ಕೊಡವುವುದು. ಗುಂಪಿನಲ್ಲಿ ಇದೂ ಸುಲಭವಲ್ಲ. ಮುಂದಿನವನು ಕೈ ಕೆಳಗೆ ತೋರಿದರೆ ಗುಂಡಿ ಇದೆ ಎಂದು ಅರ್ಥ, ಕೊಡವಿದರೆ ಜಲ್ಲಿ. ಹೋದ ಸಲ ನಾನು ಮುಂದಿದ್ದಾಗ ಎಡಗೈ ಜೋಮು ತಡೆಯಲಾಗದೆ ಕೊಡವಲೆಂದು ಕೆಳಗಿಳಿಸಿದೆ. ಹಿಂದಿದ್ದವರೆಲ್ಲ "ಗುಂಡಿ, ಗುಂಡಿ" ಎಂದು ಕೂಗಿಕೊಂಡು ಬಲಕ್ಕೆ ಸರಿದರು. ಬೆಂಗಳೂರಿನ ರಸ್ತೆ ನೋಡಿ, ಗುಂಡಿ ಇದ್ದೇ ಇತ್ತು. ತಿಂಡಿಯ ಹೊತ್ತಿಗೆ ಒಬ್ಬರು ನನ್ನ ಕಾಫಿಗೂ ತಾವೇ ದುಡ್ಡು ಕೊಟ್ಟು, "ಒಳ್ಳೇ ಟೈಮಿಗೆ ತೋರಿಸಿದ್ರಿ ಸಾರ್, ಇನ್ನು ಮೇಲೆ ನೀವೇ ಮುಂದೆ ಇರಿ" ಅಂದರು.