ಚಿಂದಿ ಎಳೆದ ಕಥೆ

ಅಣ್ಣನ ಮಗಳು ವಾಡಿಯಿಂದ ಬಂದವಳು ಚಪ್ಪಲಿ ಬಿಡುವ ಮೊದಲೇ ಕೇಳಿದಳು. "ಕಾಕಾ, ನಾಡಿದ್ದು ನಂದು ಬಿ ಸರ್ಟಿಫಿಕೇಟ್ ಪರೀಕ್ಷಾ ಅದ. ಪಾಯಿಂಟ್ ಟೂ ಟೂ ರೈಫಲ್ ಯಾವಾಗ ಸಾಫ್ ಮಾಡಬೇಕು, ಹ್ಯಾಂಗ ಮಾಡಬೇಕು, ಒಮ್ಮಿ ಹೇಳ್ರಿ. ನೀವೂ ಎನ್‌ಸಿಸಿಯೊಳಗ ಇದ್ರಂತಲ್ಲ."

ಇದ್ದೆ. ಅದನ್ನು ಊರಿಗೆಲ್ಲ ಹೇಳಿಕೊಂಡಿದ್ದೇನೆ ಕೂಡ. ಹೇಳದೆ ಬಿಟ್ಟ ಭಾಗವೊಂದಿದೆ. ಅದು ನನ್ನ ಹೆಂಡತಿಗೆ ಗೊತ್ತು. ಅಡುಗೆಮನೆಯಿಂದ ಒಂದು ಕೆಮ್ಮು ಕೇಳಿಸಿತು. ಮದುವೆಯಾಗಿ ಇಷ್ಟು ವರ್ಷವಾದ ಮೇಲೆ ಕೆಮ್ಮಿನಲ್ಲೂ ವ್ಯಾಕರಣ ಇರುತ್ತದೆ.

1984ರ ಡಿಸೆಂಬರ್. ಚಿತ್ತಾಪುರದ ಹತ್ತಿರ ಹತ್ತು ದಿನದ ಕ್ಯಾಂಪು. ನಮ್ಮ ಉಸ್ತಾದರು ಪಂಜಾಬಿನವರು. ಅವರ ಹಿಂದಿಗೂ ನಮ್ಮ ಕಲಬುರಗಿ ಹಿಂದಿಗೂ ನೆಂಟಸ್ತನ ಬಹಳ ದೂರದ್ದು. "ನಕ್ಕೋ ಉಸ್ತಾದ್" ಅಂದರೆ ಬೇಡ ಅನ್ನುವ ಅರ್ಥ ಎಂದು ಅವರಿಗೆ ತಿಳಿಯಲು ನಾಲ್ಕು ದಿನ ಹಿಡಿಯಿತು. ಫೈರಿಂಗ್ ಮುಗಿದ ಸಂಜೆ ಅವರು ಇಷ್ಟೇ ಹೇಳಿದರು: ನಳಿಗೆ ಕನ್ನಡಿಯ ಹಾಗೆ ಹೊಳೆಯಬೇಕು. ಆ ಒಂದು ಮಾತು ಮಾತ್ರ ನನಗೆ ಪೂರ್ತಿ ಅರ್ಥವಾಯಿತು. ಅನರ್ಥ ಆದದ್ದು ಅದರಿಂದಲೇ.

ಆಗ ನಮ್ಮ ಕೈಯಲ್ಲಿದ್ದದ್ದು ಹಳೆಯ .303 ರೈಫಲಿನ ಮೈಗೆ ಸಣ್ಣ ನಳಿಗೆ ಕೂರಿಸಿದ ಬಂದೂಕು. ಹೊರಗೆ ಆನೆಯ ಮೈ, ಒಳಗೆ ಇಲಿಯ ಬಿಲ. .303ರ ಬಿಲ 7.7 ಮಿಲಿಮೀಟರ್, ಪಾಯಿಂಟ್ ಟೂ ಟೂದ್ದು 5.6. ಇದು ನನಗೆ ಪಾಠದಲ್ಲಿ ಗೊತ್ತಿತ್ತು, ಕೈಗೆ ಗೊತ್ತಿರಲಿಲ್ಲ. ದೊಡ್ಡ ರೈಫಲಿಗೆಂದು ಕತ್ತರಿಸಿಟ್ಟ ಚಿಂದಿಯನ್ನು ಎತ್ತಿಕೊಂಡೆ. ಸಾಲದು ಅನ್ನಿಸಿ ಇನ್ನೊಂದು ಮಡಿಕೆ ಹಾಕಿದೆ. ಪುಲ್‌ಥ್ರೂ ಎಂದರೆ ಒಂದು ಹಗ್ಗ. ಅದರ ಒಂದು ತುದಿಗೆ ಹಿತ್ತಾಳೆಯ ತೂಕ, ಇನ್ನೊಂದು ತುದಿಯ ಕುಣಿಕೆಗೆ ಚಿಂದಿ. ಹಿಂದಿನಿಂದ ತೂಕ ಇಳಿಬಿಟ್ಟು ಮೂತಿಯ ಕಡೆಯಿಂದ ಎಳೆಯಬೇಕು. ಎಳೆದೆ. ಅರ್ಧ ದಾರಿಗೆ ಬಂದು ನಿಂತಿತು. ಗೆಳೆಯರಿಬ್ಬರನ್ನು ಕರೆದೆ. ಒಬ್ಬ ರೈಫಲ್ ತಬ್ಬಿದ, ಇಬ್ಬರು ಹಗ್ಗ ಜಗ್ಗಿದೆವು. ಹಗ್ಗ ಹರಿದು ನಾವಿಬ್ಬರೂ ಅಂಗಾತ ಬಿದ್ದೆವು. ಚಿಂದಿ ಮಾತ್ರ ನಳಿಗೆಯೊಳಗೆ ಆರಾಮಾಗಿ ಮಲಗಿತ್ತು. ಅದನ್ನು ಹೊರತೆಗೆಯಲು ಬಂದೂಕು ರಿಪೇರಿಯ ಆರ್ಮರರ್ ಬರಬೇಕಾಯಿತು. ಉಳಿದ ಕ್ಯಾಂಪನ್ನು ನಾನು ಈರುಳ್ಳಿ ಸುಲಿಯುತ್ತ ಕಳೆದೆ. ದೇಶಸೇವೆಯಲ್ಲಿ ಕಣ್ಣೀರು ಹಾಕಿದವರ ಪಟ್ಟಿಯಲ್ಲಿ ನನ್ನ ಹೆಸರೂ ಇರಬೇಕು.

ಒರೆಸುವ ಚಟ ನನಗೆ ಬಂದದ್ದು ಮನೆಯಿಂದ. ಶಹಾಬಾದಿನಲ್ಲಿ ಹುಟ್ಟಿದವನು ನಾನು. ಕಲ್ಲಿನ ಊರು. ಕಿಟಕಿ ಮೇಲೆ, ಹಪ್ಪಳದ ಮೇಲೆ, ಅಪ್ಪನ ಮೀಸೆ ಮೇಲೆ ಧೂಳು. ಅವ್ವ ದಿನಕ್ಕೆ ಮೂರು ಸಲ ಫರಸಿ ಒರೆಸುತ್ತಿದ್ದಳು. ನಾಲ್ಕನೇ ಸಲ ಒರೆಸುವುದು ಬೀಗರು ಬರುವ ಸುದ್ದಿ ಇದ್ದರೆ. ಹಿತ್ತಿಲ ಬಾವಿಯ ಕಟ್ಟೆಯೂ ಫರಸಿಯದೇ. ಅದರ ಅಂಚಿನಲ್ಲಿ ಹಗ್ಗ ಜಾರಿ ಜಾರಿ ಬೆರಳು ಮುಳುಗುವಷ್ಟು ಆಳದ ಗೀರುಗಳಾಗಿದ್ದವು. ನಾರಿನ ಹಗ್ಗಕ್ಕೆ ಬಂಡೆ ಸವೆದದ್ದು ಹೇಗೆ ಎಂದು ಚಿಕ್ಕಂದಿನಲ್ಲಿ ಬೆರಳಿಟ್ಟು ಯೋಚಿಸುತ್ತಿದ್ದೆ. ಹಗ್ಗಕ್ಕೆ ಅಂಟಿದ ಮಣ್ಣಿನದೇ ಆ ಕೆಲಸ.

ನಳಿಗೆಯ ಬಾಯಂಚಿಗೂ ಇದೇ ಗತಿ ಎಂದು ತಿಳಿದದ್ದು ಬಹಳ ತಡವಾಗಿ. ಪುಲ್‌ಥ್ರೂವನ್ನು ಓರೆಯಾಗಿ ಜಗ್ಗಿದರೆ ಧೂಳು ಮೆತ್ತಿದ ಹಗ್ಗ ಉಕ್ಕನ್ನೂ ಕೊರೆಯುತ್ತದೆ. ಗುಂಡು ನಳಿಗೆಯನ್ನು ಬಿಡುವಾಗ ಕೊನೆಗೆ ಮುಟ್ಟುವುದು ಆ ಅಂಚನ್ನೇ. ಅಲ್ಲಿ ಕೂದಲೆಳೆಯಷ್ಟು ಸವೆದರೂ ಗುಂಡು ಹೊಸಿಲು ಎಡವಿದ ಮದುಮಗಳ ಹಾಗೆ ಒಂದು ಕಡೆ ವಾಲುತ್ತದೆ. ಎಷ್ಟೋ ಪಾಯಿಂಟ್ ಟೂ ಟೂ ನಳಿಗೆಗಳು ಹಾಳಾದದ್ದು ಗುಂಡಿನಿಂದಲ್ಲ, ನನ್ನಂಥ ಶ್ರದ್ಧಾವಂತರಿಂದ.

"ಮತ್ತ ನಮ್ ಪುಸ್ತಕದಾಗ ಫೈರಿಂಗ್ ಮೊದಲ, ನಡುವ, ಆಮ್ಯಾಲ, ದಿನಾ ಸಾಫ್ ಮಾಡ್ರಿ ಅಂತ ಬರದಾರಲ್ರಿ ಕಾಕಾ?"

ಅದಕ್ಕೂ ಕಾರಣವಿದೆ. ಹಳೆಯ ಕಾಲದ ತೋಟಾದಲ್ಲಿ ಕಿಡಿ ಹೊತ್ತಿಸುವ ಮದ್ದಿನಲ್ಲಿ ಪೊಟ್ಯಾಶಿಯಂ ಕ್ಲೋರೇಟ್ ಇರುತ್ತಿತ್ತು. ಅದು ಉರಿದು ನಳಿಗೆಯಲ್ಲಿ ಬಿಟ್ಟುಹೋಗುತ್ತಿದ್ದದ್ದು ನಮ್ಮ ಅಡುಗೆ ಉಪ್ಪಿನ ದಾಯಾದಿ. ಶ್ರಾವಣದಲ್ಲಿ ಉಪ್ಪಿನ ಡಬ್ಬಿ ನೀರೊಡೆಯುವುದನ್ನು ನೋಡಿದವರಿಗೆ ಮುಂದಿನದು ಹೇಳಬೇಕಾಗಿಲ್ಲ. ಒಂದು ರಾತ್ರಿ ಬಿಟ್ಟರೆ ತುಕ್ಕು. ಉಪ್ಪು ಎಣ್ಣೆಯಲ್ಲಿ ಕರಗದು, ನೀರಲ್ಲಿ ಕರಗುತ್ತದೆ. ಅದಕ್ಕೇ ಸಿಪಾಯಿಗಳು ನಳಿಗೆಗೆ ಕುದಿನೀರು ಹುಯ್ಯುತ್ತಿದ್ದರು. ಕಳೆದ ಶತಮಾನದ ಮೊದಲ ಅರ್ಧದಲ್ಲೇ ಟೂ ಟೂ ತೋಟಾದ ಆ ಮಸಾಲೆ ಬದಲಾಯಿತು. ಉಪ್ಪು ಹೋಯಿತು, ಉಪದೇಶ ಉಳಿಯಿತು. ಟೂ ಟೂದಲ್ಲಿ ಈ ಕಿಡಿಮದ್ದು ತೋಟಾದ ತಳದ ನಡುವೆ ಇರುವುದಿಲ್ಲ, ತಳದ ಅಂಚಿನೊಳಗೆ ಮಡಚಿಟ್ಟಿರುತ್ತದೆ, ಹೋಳಿಗೆಯ ಅಂಚಿನೊಳಗೆ ಹೂರಣ ಸೇರಿದ ಹಾಗೆ. ಸೂಜಿ ಹೊಡೆಯುವುದು ಆ ಅಂಚಿಗೆ, ಅದಕ್ಕೇ ರಿಮ್‌ಫೈರ್ ಎಂದು ಹೆಸರು. ಗುಂಡು ಮೆತ್ತನೆಯ ಸೀಸದ್ದು, ಮೈಗೆಲ್ಲ ಮೇಣ ಬಳಿದುಕೊಂಡು ಬರುತ್ತದೆ. ಹೋಗುತ್ತ ಹೋಗುತ್ತ ಆ ಮೇಣವನ್ನು ನಳಿಗೆಗೂ ಸವರುತ್ತದೆ. ಹಿಂದೆ ಬರುವ ಗುಂಡಿಗೆ ಅದು ಹಾಸಿದ ಚಾಪೆ.

ಮೇಣ ಎಂದಾಗ ವಾಡಿ ಜಂಕ್ಷನ್ ನೆನಪಾಗುತ್ತದೆ. ವಾಡಿಯಿಂದ ಸಿಕಂದರಾಬಾದಿಗೆ ನಿಜಾಮರ ಕಾಲದಲ್ಲಿ, 1874ರಲ್ಲಿ ರೈಲು ಓಡಿತು. ಸೇಡಂ ಗಾಡಿಗೆ ನಾನು ಕಾದದ್ದು ನೋಡಿದರೆ ಅಂದು ಹೊರಟ ಗಾಡಿಯೇ ಇನ್ನೂ ಬರಬೇಕೇನೋ ಅನ್ನಿಸುತ್ತದೆ. ಹಾಗೆ ಕಾಯುವಾಗ ಒಮ್ಮೆ ಕಿವಿ ಸಾಫ್ ಮಾಡುವವನಿಗೆ ಕಿವಿ ಕೊಟ್ಟೆ, ಎರಡೂ ಅರ್ಥದಲ್ಲಿ. ಅವನು ತೆಗೆದು ತೋರಿಸಿದ ರಾಶಿ ನೋಡಿದ್ದರೆ ಅಷ್ಟು ಜಾಗ ನನ್ನ ತಲೆಯಲ್ಲಿ ಖಾಲಿ ಇತ್ತೇ ಎಂದು ಹೆಂಡತಿಗೂ ಆಶ್ಚರ್ಯವಾಗುತ್ತಿತ್ತು. ವಾರಕ್ಕೇ ಕಿವಿ ನೋವು. ಡಾಕ್ಟರು ಹೇಳಿದ್ದು: ಮೇಣ ಕಿವಿಯ ಕಾವಲು, ಕಡ್ಡಿ ಹಾಕಬೇಡಿ. ಟೂ ಟೂ ನಳಿಗೆಯ ಬಗ್ಗೆ ತಿಳಿದವರು ಹೇಳುವುದೂ ಅಕ್ಷರಶಃ ಇದನ್ನೇ.

ಚಿಂಚೋಳಿಯ ನಮ್ಮ ಮಾವನದು ಬೇರೆ ದಾರಿ. ಕಾಡುಹಂದಿ ಕಾಟಕ್ಕೆಂದು ಲೈಸನ್ಸ್ ತೆಗೆದ ಬಂದೂಕು ಅವನದು. ವರ್ಷಕ್ಕೊಮ್ಮೆ ಖಂಡೇನವಮಿಗೆ ಇಳಿಸಿ, ಕುಸುಬಿ ಎಣ್ಣೆ ಕುಡಿಸಿ, ವಿಭೂತಿ ಹಚ್ಚಿ, ಮೂತಿಗೊಂದು ಚೆಂಡುಹೂ ಸಿಕ್ಕಿಸಿ ಮತ್ತೆ ಗೂಟಕ್ಕೆ ಏರಿಸುತ್ತಾನೆ. ಅಡುಗೆ ಎಣ್ಣೆ ಒಣಗಿದರೆ ಅಂಟಾಗುತ್ತದೆ. ಚುನಾವಣೆ ಬಂದಾಗ ಠಾಣೆಗೆ ಒಪ್ಪಿಸಿ ಬರುತ್ತಾನೆ. ಹಂದಿಗಳಿಗೆ ಆ ದಿನಗಳು ಚೆನ್ನಾಗಿ ಗೊತ್ತು. ತೊಗರಿ ಹೊಲದಲ್ಲಿ ಅವುಗಳದೇ ಪ್ರಚಾರ.

"ಹಂಗಾರ ಸಾಫ್ ಮಾಡೋದೇ ಬ್ಯಾಡೇನ್ರಿ?"

ಮಾಡಬೇಕು. ಗುರಿ ಕಾರಣವಿಲ್ಲದೆ ಚೆದುರತೊಡಗಿದಾಗ, ತೋಟಾ ಕೂರುವ ಕೋಣೆಯಲ್ಲಿ ಮಸಿ ಕಟ್ಟಿ ತೋಟಾ ಬಿಗಿಯಾದಾಗ, ಮಳೆಯಲ್ಲಿ ನೆನೆದಾಗ, ತಿಂಗಳುಗಟ್ಟಲೆ ಎತ್ತಿಡುವಾಗ. ಮೊದಲು ಮ್ಯಾಗಜಿನ್ ತೆಗೆದು, ಬೋಲ್ಟ್ ಹಿಂದಕ್ಕೆಳೆದು, ಒಳಗೆ ತೋಟಾ ಇಲ್ಲವೆಂದು ಕಣ್ಣಿನಿಂದ ಒಂದು ಸಲ, ಬೆರಳಿನಿಂದ ಒಂದು ಸಲ ನೋಡಬೇಕು. ಆಮೇಲೆ ಬೋಲ್ಟ್ ಕಳಚಿ ಹಿಂದಿನಿಂದಲೇ, ನೆಟ್ಟಗೆ, ಅಳತೆಯ ಚಿಂದಿ. ಮೊದಲನೆಯದು ಎಣ್ಣೆ ಹನಿಸಿದ್ದು, ಆಮೇಲಿನವು ಒಣ ಚಿಂದಿ. ಎತ್ತಿಡುವುದಿದ್ದರೆ ಕೊನೆಗೆ ತೆಳುವಾಗಿ ಎಣ್ಣೆ. ಮುಂದಿನ ಸಲ ಹೊಡೆಯುವ ಮೊದಲು ಅದನ್ನು ಒರೆಸಬೇಕು. ಚಿಂದಿಗೆ ಅಂಟುವುದು ಸೀಸ, ಆದ್ದರಿಂದ ಕೈ ತೊಳೆಯದೆ ಚೂಡಾಕ್ಕೆ ಕೈ ಹಾಕಬಾರದು. ಇಷ್ಟಾದ ಮೇಲೂ ಮೊದಲ ಕೆಲವು ಗುಂಡು ಎತ್ತೆತ್ತಲೋ ಹೋಗುತ್ತವೆ. ಹೊಸದಾಗಿ ಮೇಣ ಹಿಡಿಯುವವರೆಗೆ 25 ಮೀಟರಿನ ಗುರಿಹಲಗೆ ಸಿಡುಬು ಎದ್ದ ಮುಖದ ಹಾಗೆ ಕಾಣುತ್ತದೆ.

ಇದನ್ನು ಅವಳು ನಂಬಲಿಲ್ಲ. "ಸ್ವಚ್ಛ ಆದಮ್ಯಾಲ ಇನ್ನಾ ಛಲೋ ಹೋಗ್ಬೇಕಲ್ರಿ?" ಅಂದಳು. ಹಾಗಾಗಿ ಸೇಡಂ ಅಜ್ಜಿಯ ಹಂಚಿನ ಮಾತು ತೆಗೆದೆ. ಮೂರು ತಲೆಮಾರಿನ ಜೋಳದ ರೊಟ್ಟಿ ಕಂಡ ಹಂಚು, ಈಗ ನಮ್ಮ ಒಲೆಯ ಮೇಲಿದೆ. ಅದನ್ನು ಉಜ್ಜಿ ಬೆಳ್ಳಗೆ ಮಾಡಿದರೆ ರೊಟ್ಟಿ ಹಿಡಿದುಕೊಳ್ಳುತ್ತದೆ, ಬೇಕಾದರೆ ನೋಡು ಎಂದೆ. ಮಾತಿಗೆ ಹೇಳಿದ್ದು.

ಮರುದಿನ ಬೆಳಿಗ್ಗೆ ಅಡುಗೆಮನೆಯಿಂದ ಈ ಸಲ ಕೆಮ್ಮು ಬರಲಿಲ್ಲ.

"ರೀ, ನಿನ್ನಿ ರಾತ್ರಿ ಹಂಚಿಗೆ ಕೈ ಹಚ್ಚಿದೋರು ಯಾರು?"

ಹುಡುಗಿ ಪುಸ್ತಕದೊಳಗೆ ಮುಖ ಇಟ್ಟಳು. ಬೂದಿ ಹಾಕಿ ತಿಕ್ಕಿದ ಅವಳ ಕೈ ಇನ್ನೂ ಕಪ್ಪಗಿತ್ತು. ಮೊದಲ ರೊಟ್ಟಿ ಹಂಚಿಗೆ ಹಿಡಿದುಕೊಂಡು ಚೂರಾಯಿತು. ಎರಡನೆಯದರ ಅರ್ಧ ಬಂತು. ಅವೆರಡೂ ನನ್ನ ತಾಟಿಗೇ ಬಿದ್ದವು. ನಾಲ್ಕನೆಯದು ಉಬ್ಬಿತು, ಅದು ಅವಳ ತಾಟಿಗೆ.

"ಖರೆ ಅದ ನೋಡ್ರಿ ಕಾಕಾ," ಅಂದಳು, ಬಾಯಿ ತುಂಬಾ ರೊಟ್ಟಿ ಇಟ್ಟುಕೊಂಡು. "ಆದ್ರ ಪರೀಕ್ಷಾದಾಗ ನಾ ದಿನಾ ಸಾಫ್ ಮಾಡ್ಬೇಕು ಅಂತನೇ ಬರೀತೀನಿ."