ದ್ವೈತ, ಅದ್ವೈತ ಮತ್ತು ಹುಲ್ಲು ಹೊಡೆಯುವ ಮಿಷನ್ನು

ಮಲೆನಾಡಿನ ಮದುವೆ ಮನೆಗಳಲ್ಲಿ ಊಟ ಮುಗಿದು ಕವಳದ ತಬಕಿನ ಸುತ್ತ ಕೂತವರ ಮಾತು ಮೊದಲೆಲ್ಲ ಅಡಿಕೆ ದರದಿಂದ ಶುರುವಾಗಿ, ಕೆಲಸಕ್ಕೆ ಜನ ಸಿಗದ ಕಷ್ಟಕ್ಕೆ ಬಂದು ನಿಲ್ಲುತ್ತಿತ್ತು. ಈಗ ಅಲ್ಲಿಗೆ ನಿಲ್ಲುವುದಿಲ್ಲ. ಜನ ಸಿಗದೆ ಮಿಷನ್ನು ಬಂತು, ಮಿಷನ್ನಿನ ಹಿಂದೆ ಆಯಿಲ್ಲಿನ ಪ್ರಶ್ನೆ ಬಂತು. ಯಾರಾದರೂ ಒಬ್ಬರು, "ಲೀಟರಿಗೆ ಎಷ್ಟು ಹಾಕವು ಭಾವ?" ಎಂದರೆ ಸಾಕು, ಮಧ್ಯಾಹ್ನ ಕಳೆಯುವುದಕ್ಕೆ ಬೇರೇನೂ ಬೇಡ. ಉತ್ತರ ಹೇಳುವವರಲ್ಲಿ ಮಿಷನ್ನು ಇಲ್ಲದವರೇ ಹೆಚ್ಚು. ಒಬ್ಬರು 20 ಎಂಎಲ್ ಎನ್ನುತ್ತಾರೆ, ಇನ್ನೊಬ್ಬರು 40, ಮೂರನೆಯವರು "ಪೆಟ್ರೋಲಿಗೆ ಸ್ವಲ್ಪ ಬಣ್ಣ ಬರುವವರೆಗೆ" ಎನ್ನುತ್ತಾರೆ. ಮೂಲೆಯಲ್ಲಿ ಕೂತ ಹಿರಿಯರೊಬ್ಬರು ಮಾತ್ರ, "ಕತ್ತಿಗೆ ಯಾವ ಆಯಿಲ್ಲೂ ಬೇಡವಾಗಿತ್ತು" ಎಂದು ಎಲೆಗೆ ಸುಣ್ಣ ಹಚ್ಚುತ್ತಾರೆ.

ತೋಟದ ಸಣ್ಣ ಇಂಜಿನ್ನುಗಳಲ್ಲಿ ಎರಡು ಮತ. ಟೂ ಸ್ಟ್ರೋಕಿನದು ಅದ್ವೈತ: ಪೆಟ್ರೋಲು ಬೇರೆಯಲ್ಲ, ಆಯಿಲ್ ಬೇರೆಯಲ್ಲ, ಕ್ಯಾನಿನಲ್ಲಿ ಒಮ್ಮೆ ಕೂಡಿದರೆ ಮುಗಿಯಿತು, ಒಟ್ಟಿಗೇ ಉರಿದು ಹೊಗೆಯಾಗುತ್ತವೆ. ಫೋರ್ ಸ್ಟ್ರೋಕಿನದು ಪಕ್ಕಾ ದ್ವೈತ: ಪೆಟ್ರೋಲು ಅದರ ಟ್ಯಾಂಕಿನಲ್ಲಿ, ಆಯಿಲ್ ಇಂಜಿನ್ನಿನ ಹೊಟ್ಟೆಯಲ್ಲಿ. ಎಂದೆಂದಿಗೂ ಒಂದಾಗಬಾರದು, ಒಂದಾದರೆ ನೀಲಿ ಹೊಗೆ ಬರುತ್ತದೆ, ಮೆಕ್ಯಾನಿಕ್ಕಿಗೆ ಖುಷಿಯಾಗುತ್ತದೆ. ಜರ್ಮನಿಯ ಸ್ಟಿಲ್ ಕಂಪನಿ 'ಫೋರ್ ಮಿಕ್ಸ್' ಎಂಬ ಇನ್ನೊಂದು ಇಂಜಿನ್ನನ್ನೂ ಮಾಡಿದೆ. ಹೆಸರಿಗೆ ಫೋರ್ ಸ್ಟ್ರೋಕು, ವಾಲ್ವುಗಳೂ ಇವೆ, ಆದರೆ ಹೊಟ್ಟೆಯಲ್ಲಿ ಬೇರೆ ಆಯಿಲ್ ಇಲ್ಲ, ಪೆಟ್ರೋಲಿಗೇ ಬೆರೆಸಿ ಕೊಡಬೇಕು. ವಿಶಿಷ್ಟಾದ್ವೈತ ಎನ್ನದೆ ಬೇರೆ ದಾರಿಯಿಲ್ಲ. ಶೃಂಗೇರಿಗೂ ಉಡುಪಿಗೂ ನಡುವೆ ಒಂದು ಆಗುಂಬೆ ಘಾಟಿಯಾದರೂ ಇದೆ. ನಮ್ಮ ಶೆಡ್ಡುಗಳಲ್ಲಿ ಎರಡೂ ಮತದ ಮಿಷನ್ನುಗಳು ಒಂದೇ ಗೂಟಕ್ಕೆ ನೇತಾಡುತ್ತಿರುತ್ತವೆ, ಕೆಳಗೆ ಇರುವ ಕ್ಯಾನು ಮಾತ್ರ ಒಂದೇ. ಅನರ್ಥ ಶುರುವಾಗುವುದು ಅಲ್ಲಿಂದ.

ಟೂ ಸ್ಟ್ರೋಕ್ ಇಂಜಿನ್ನಿನಲ್ಲಿ ಆಯಿಲ್ ನಿಲ್ಲಲು ಜಾಗವೇ ಇಲ್ಲ. ಪೆಟ್ರೋಲಿನ ಆವಿ ಉರಿಯುವ ಮೊದಲು ಕ್ರ್ಯಾಂಕಿನ ಸುತ್ತ ಹಾದು ಹೋಗುತ್ತದೆ. ಆ ಹಾದಿಯಲ್ಲಿ ಅದರ ಜೊತೆ ಬಂದ ಆಯಿಲ್ಲೇ ಬೇರಿಂಗಿಗೂ ಪಿಸ್ಟನ್ನಿಗೂ ದಕ್ಕುವುದು. ಹಾಗಾಗಿ ಬರೀ ಪೆಟ್ರೋಲು ಹಾಕಿ ಹಗ್ಗ ಎಳೆದರೆ ಇಂಜಿನ್ನು ಮೊದಮೊದಲು ಬಹಳ ಚೆನ್ನಾಗಿಯೇ ಓಡುತ್ತದೆ, ಆಮೇಲೆ ಪಿಸ್ಟನ್ ಹಿಡಿದುಕೊಂಡು ನಿಲ್ಲುತ್ತದೆ. ಅಳತೆ ಮಿಷನ್ನಿನಿಂದ ಮಿಷನ್ನಿಗೆ ಬೇರೆ. 50:1 ಎಂದು ಬರೆದಿದ್ದರೆ ಲೀಟರಿಗೆ 20 ಎಂಎಲ್, 40:1 ಆದರೆ 25, ಪೇಟೆಯಲ್ಲಿ ಸಿಗುವ ಎಷ್ಟೋ ಮಿಷನ್ನುಗಳ ಪುಸ್ತಕದಲ್ಲಿರುವಂತೆ 25:1 ಆದರೆ 40. ಅಂದರೆ ಮದುವೆ ಮನೆಯಲ್ಲಿ ಜಗಳಾಡಿದ ಮೊದಲಿಬ್ಬರೂ ಸರಿಯೇ, ಅವರವರ ಮನೆಯ ಮಿಷನ್ನಿನ ಮಟ್ಟಿಗೆ. ಬಣ್ಣದ ಭಾವನೊಬ್ಬನೇ ತಪ್ಪು. ಆಯಿಲ್ಲಿಗೆ ಬಣ್ಣ ಹಾಕಿರುವುದು ಪೆಟ್ರೋಲಿಗೆ ಬೆರೆಸಿದೆಯೋ ಇಲ್ಲವೋ ತಿಳಿಯಲಿ ಎಂದು, ಎಷ್ಟು ಬೆರೆಸಿದೆ ಎಂದು ಹೇಳಲು ಅದಕ್ಕೆ ಬಾರದು.

"ಒಂದು ಚೂರು ಜಾಸ್ತಿ ಹಾಕಿದರೆ ಇಂಜಿನ್ನಿಗೇ ಒಳ್ಳೇದಲ್ದಾ?" ಎಂಬುದು ನಮ್ಮ ಕಡೆಯ ಉದಾರ ಹೃದಯ. ತುಪ್ಪ ಬಡಿಸುವಾಗ ಅದು ಸರಿ. ಇಲ್ಲಿ ಹೆಚ್ಚಾದ ಆಯಿಲ್ ಪ್ಲಗ್ಗಿಗೆ ಕರಿ ಹಿಡಿಸುತ್ತದೆ, ಸೈಲೆನ್ಸರನ್ನು ಕಟ್ಟಿಸುತ್ತದೆ, ಹುಲ್ಲು ಹೊಡೆಯುವವನ ಕಣ್ಣು ಉರಿಸುತ್ತದೆ. ಇನ್ನೂ ಒಂದು ಮಜಾ ಇದೆ. ಕಾರ್ಬೊರೇಟರಿನ ಸಣ್ಣ ತೂತಿನಲ್ಲಿ ಆಯಿಲ್ ಹೆಚ್ಚು ಹೋದರೆ ಪೆಟ್ರೋಲು ಅಷ್ಟು ಕಡಿಮೆ ಹೋಗುತ್ತದೆ, ಪೆಟ್ರೋಲು ಕಡಿಮೆಯಾದರೆ ಇಂಜಿನ್ನು ಇನ್ನಷ್ಟು ಬಿಸಿಯಾಗುತ್ತದೆ. ತಂಪಿಗೆಂದು ಹಾಕಿದ್ದೇ ಕಾವಾಗುವುದು ಹೀಗೆ.

ಈ ಉದಾರತೆಗೆ ಮೂಲ ಬಂಕಿನಲ್ಲಿದೆ. ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆ 1996ರಲ್ಲಿ ಬಾಗಿಲು ಹಾಕುವವರೆಗೂ ಜಾವಾ, ಯೆಜ್ಡಿಗಳನ್ನು ಹೊರಗೆ ಬಿಡುತ್ತಿತ್ತು. ಅವನ್ನು ಓಡಿಸಿದ ತಲೆಮಾರು ಪೆಟ್ರೋಲು ಹಾಕಿಸುವಾಗ "ಆಯಿಲ್ ಸ್ವಲ್ಪ ಮುಂದೇ ಇರಲಿ" ಎಂದು ಹೇಳಿಯೇ ಬೆಳೆದದ್ದು. ಆಗಿನ ಇಂಜಿನ್ನಿಗೂ ಆಗಿನ ಆಯಿಲ್ಲಿಗೂ ಆ ಅಳತೆ ಬೇಕಿತ್ತು. ಗಾಡಿ ಗುಜರಿಗೆ ಹೋಯಿತು, ಕೈಯ ಅಂದಾಜು ಮಾತ್ರ ಮನೆಯಲ್ಲೇ ಉಳಿಯಿತು.

ಅಂದಾಜು ನಮ್ಮ ಜಾಯಮಾನ ಎಂದು ಬಿಡೋಣವೆಂದರೆ ಅದೂ ಸುಳ್ಳು. ಇದೇ ಜನ ಮಳೆಗಾಲಕ್ಕೆ ಮುಂಚೆ ಬೋರ್ಡೋ ದ್ರಾವಣ ಮಾಡುವುದನ್ನು ನೋಡಬೇಕು. 1908ರಲ್ಲಿ ಮೈಸೂರಿಗೆ ಬಂದ ಕೆನಡಾದ ವಿಜ್ಞಾನಿ ಲೆಸ್ಲಿ ಕೋಲ್ಮನ್ ಅಡಿಕೆಯ ಕೊಳೆರೋಗದ ಬೆನ್ನು ಹತ್ತಿ ಈ ಔಷಧಿಯನ್ನು ತೋಟಗಳಿಗೆ ತಂದವರು. ಒಂದು ಕೆಜಿ ಮೈಲುತುತ್ತ, ಒಂದು ಕೆಜಿ ಸುಣ್ಣ, ನೂರು ಲೀಟರ್ ನೀರು. ತಕ್ಕಡಿ ಬರುತ್ತದೆ, ಕಬ್ಬಿಣದ ಪಾತ್ರೆ ದೂರ ಹೋಗುತ್ತದೆ, ಎರಡನ್ನೂ ಬೇರೆ ಬೇರೆ ಕರಗಿಸಿಯೇ ಕೂಡಿಸುತ್ತಾರೆ. ಕೊನೆಗೆ ಉಜ್ಜಿ ಬೆಳ್ಳಗೆ ಮಾಡಿದ ಕತ್ತಿಯ ಅಲಗನ್ನು ಅದ್ದಿ, ಬಿಸಿಲಿಗೆ ಹಿಡಿದು, ಕನ್ನಡಕ ಹಣೆಗೇರಿಸಿ ನೋಡುತ್ತಾರೆ. ಅಲಗಿನ ಮೇಲೆ ತಾಮ್ರದ ಕೆಂಪು ಕಂಡರೆ ಇನ್ನಷ್ಟು ಸುಣ್ಣ. ಇಷ್ಟೆಲ್ಲ ನೇಮ ಮಾಡಿದವರೇ ಅರ್ಧ ಗಂಟೆ ಬಿಟ್ಟು, ಆ ಔಷಧಿ ಹೊಡೆಯುವ ಪಂಪಿನ ಇಂಜಿನ್ನಿಗೆ ಕೈಗೆ ಸಿಕ್ಕ ಡಬ್ಬಿಯಿಂದ ಗುಳುಗುಳು ಸುರಿಯುತ್ತಾರೆ. ದನದ ಡಾಕ್ಟರರು ಬಿಟ್ಟುಹೋದ 20 ಎಂಎಲ್ ಸಿರಿಂಜು ಅಲ್ಲೇ ಕಿಟಕಿಯಲ್ಲಿರುತ್ತದೆ. ಸೂಜಿ ಕಿತ್ತು, ತೊಳೆದು ಒಣಗಿಸಿದರೆ ಅದಕ್ಕಿಂತ ಒಳ್ಳೆಯ ಅಳತೆಗೋಲು ಬೇಡ.

ಕೈಗೆ ಸಿಕ್ಕ ಡಬ್ಬಿ ಸಾಮಾನ್ಯವಾಗಿ ಟಿಲ್ಲರಿನದ್ದೋ ಬೈಕಿನದ್ದೋ ಆಗಿರುತ್ತದೆ. ಅದು ಹೊಟ್ಟೆಯಲ್ಲಿ ನಿಂತು ಕೆಲಸ ಮಾಡಲು ಹುಟ್ಟಿದ ಆಯಿಲ್. ಪೆಟ್ರೋಲಿನ ಜೊತೆ ಉರಿಸಿದರೆ ಬೂದಿ ಉಳಿಸುತ್ತದೆ. ಕರಾವಳಿಯ ನೆಂಟರು ದೋಣಿಯ ಆಯಿಲ್ ತಂದುಕೊಡುವುದೂ ಉಂಟು. ಅದೂ ಟೂ ಸ್ಟ್ರೋಕಿನದೇ, ಡಬ್ಬಿಯ ಮೇಲೆ ಟಿಸಿ-ಡಬ್ಲ್ಯು3 ಎಂದಿರುತ್ತದೆ. ಆದರೆ ಆ ಇಂಜಿನ್ನು ನೀರಿನಿಂದ ತಣ್ಣಗಾಗುವಂಥದು, ನಮ್ಮದು ಬೆನ್ನ ಮೇಲೆ ಗಾಳಿಯಲ್ಲಿ ಕಾದು ಕೆಂಪಾಗುವಂಥದು. ಅಂಗಡಿಯಲ್ಲಿ ಡಬ್ಬಿ ತಿರುಗಿಸಿ ಜೆಎಎಸ್‌ಒ ಎಫ್‌ಸಿ ಅಥವಾ ಎಫ್‌ಡಿ ಎಂದು ಇದೆಯೇ ನೋಡಿ. ಇವು ಹೊಗೆ ಕಡಿಮೆ ಮಾಡುವ ದರ್ಜೆಗಳು, ಎಫ್‌ಡಿ ಇಂಜಿನ್ನನ್ನು ಒಳಗೆ ಇನ್ನೂ ಚೊಕ್ಕಟವಾಗಿಡುತ್ತದೆ. ವರ್ಷಕ್ಕೆ ನಾಲ್ಕು ಡಬ್ಬಿ ಬೇಕಾಗುವ ಆಯಿಲ್ಲಿನಲ್ಲಿ ಚೌಕಾಸಿ ಮಾಡಿ ಉಳಿಸುವುದೇನೂ ಇಲ್ಲ.

ದ್ವೈತಿಗಳ ಕಡೆ ಗೊಂದಲ ಬೇರೆ ಥರ. ಹೋಂಡಾದ ಜಿಎಕ್ಸ್35 ಎಂಬ ಪುಟ್ಟ ಇಂಜಿನ್ನಿನ ಹೊಟ್ಟೆಗೆ ಹಿಡಿಸುವುದು 100 ಎಂಎಲ್, ಕೆಮ್ಮಿನ ಔಷಧದ ಒಂದು ಬಾಟಲಿಯಷ್ಟು. ಅಷ್ಟಕ್ಕೇ 10ಡಬ್ಲ್ಯು-30 ಹಾಕಬೇಕೋ 20ಡಬ್ಲ್ಯು-40 ಹಾಕಬೇಕೋ ಎಂದು ಪಂಚಾಯಿತಿ. ಡಬ್ಲ್ಯು ಚಳಿಗಾಲದ್ದು. 10ಡಬ್ಲ್ಯು ಎಂಬುದನ್ನು ಪರೀಕ್ಷಿಸುವುದು ಮೈನಸ್ 25 ಡಿಗ್ರಿಯಲ್ಲಿ, 20ಡಬ್ಲ್ಯುವನ್ನು ಮೈನಸ್ 15ರಲ್ಲಿ. ಸಾಗರದಲ್ಲಿ ಮೈನಸ್ 15 ಬಂದರೆ ಹುಲ್ಲು ಹೊಡೆಯುವ ಪ್ರಶ್ನೆಯೇ ಏಳುವುದಿಲ್ಲ. ಆದ್ದರಿಂದ ಚಳಿಯ ಚಿಂತೆ ಬಿಟ್ಟು, ಪುಸ್ತಕ ಹೇಳಿದ್ದನ್ನು ಹಾಕಿ. ಮುಖ್ಯವಾದದ್ದು ಬದಲಿಸುವುದು. ಹೊಸ ಇಂಜಿನ್ನಿನಲ್ಲಿ ಮೊದಲ 10 ಗಂಟೆಗೆ, ಆಮೇಲೆ 50 ಗಂಟೆಗೊಮ್ಮೆ. ಬಾಟಲಿಯಷ್ಟೇ ಆಯಿಲ್ ಇರುವ ಕಡೆ ಅದು ಬೇಗ ಕಪ್ಪಾಗುತ್ತದೆ. ತೆಗೆದ ಕರಿ ಆಯಿಲ್ಲನ್ನು ಗೆದ್ದಲು ಹತ್ತಬಾರದೆಂದು ಬೇಲಿಗೂಟಕ್ಕೆ ಬಳಿಯುವುದು ನಮ್ಮಲ್ಲಿ ಹಳೆಯ ರೂಢಿ. ಬಾವಿಯಿಂದ, ಹಳ್ಳದಿಂದ ದೂರವಿರಲಿ.

ಈಗ ಬಂಕಿನ ಪೆಟ್ರೋಲಿನಲ್ಲಿ ಶೇಕಡಾ 20ರಷ್ಟು ಎಥನಾಲ್. ಎಥನಾಲ್ ನೀರನ್ನು ಎಳೆದುಕೊಳ್ಳುತ್ತದೆ, ಮಲೆನಾಡಿನ ಆಷಾಢದಲ್ಲಿ ಎಳೆದುಕೊಳ್ಳಲು ನೀರಿಗೇನು ಬರ? ಮಿಕ್ಸ್ ಮಾಡಿದ ಪೆಟ್ರೋಲನ್ನು ತಿಂಗಳಿಗಿಂತ ಹೆಚ್ಚು ಇಡಬೇಡಿ, ಕೆಲಸ ಮುಗಿದ ಮೇಲೆ ಟ್ಯಾಂಕು ಖಾಲಿ ಮಾಡಿ ಇಂಜಿನ್ನು ತಾನಾಗಿ ನಿಲ್ಲುವವರೆಗೆ ಓಡಿಸಿಡಿ.

ಮಿಷನ್ನಿನ ಜೊತೆ ಬಂದ ಪುಸ್ತಕ ಎಲ್ಲಿಯೂ ಹೋಗಿರುವುದಿಲ್ಲ, ಹಳೇ ಪಂಚಾಂಗ ಮತ್ತು ಕರೆಂಟ್ ಬಿಲ್ಲುಗಳ ನಡುವೆ ಇರುತ್ತದೆ. ಅದರಲ್ಲಿರುವ ಅಳತೆಯನ್ನು ಕ್ಯಾನಿನ ಮೇಲೆ ಮಾರ್ಕರಿನಲ್ಲಿ ದಪ್ಪಗೆ, ಕೆಲಸಕ್ಕೆ ಬರುವವರೂ ಓದುವ ಹಾಗೆ ಕನ್ನಡದಲ್ಲಿ ಬರೆಯಿರಿ. ಬರೀ ಪೆಟ್ರೋಲಿನ ಕ್ಯಾನು ಬೇರೆಯೇ ಇರಲಿ.