ಕಡೇ ಬಸ್ಸು ಹೋದ ಮೇಲೆ

ಬಂದ ನೆಂಟರು ರಾತ್ರಿ ಉಳಿಯಬೇಕೋ ಬೇಡವೋ ಎಂಬುದನ್ನು ನಮ್ಮ ಜಡಿಗೇನಹಳ್ಳಿಯಲ್ಲಿ ಬಹುಕಾಲ ತೀರ್ಮಾನಿಸುತ್ತಿದ್ದದ್ದು ನೆಂಟರೂ ಅಲ್ಲ, ಮನೆಯವರೂ ಅಲ್ಲ, ಕಡೇ ಬಸ್ಸು. ಅತ್ತ ಹೊಸಕೋಟೆ, ಇತ್ತ ಮಾಲೂರು, ನಡುವೆ ನಾವು. ಯಾವ ಕಡೆಗೆ ಹೋಗುವವರಾದರೂ ಹೊತ್ತು ಮುಳುಗಿದ ಮೇಲೆ ಬಸ್ಸಿನ ಮರ್ಜಿ ಕಾಯಬೇಕಿತ್ತು. ಮನೆಯ ಹೆಂಗಸರಿಗೆ ಇದು ಚೆನ್ನಾಗಿ ಗೊತ್ತು. 'ಒಂದು ಲೋಟ ಕಾಫಿ ಕುಡ್ಕೊಂಡು ಹೋಗೀರಂತೆ' ಎಂದು ಒಲೆಯ ಮೇಲೆ ನೀರಿಟ್ಟರೆ, ಬಸ್ಸಿನ ಹಾರನ್ನು ಊರಾಚೆ ಕೇಳುವವರೆಗೂ ಆ ನೀರು ಕುದಿಯುತ್ತಿರಲಿಲ್ಲ. ಆಮೇಲೆ ಎಲ್ಲರಿಗೂ ಒಂದು ಹುಸಿ ಪೇಚಾಟ. 'ಅಯ್ಯೋ, ಹೋಗೇಬಿಡ್ತಲ್ಲಕ್ಕಾ!' 'ಹೋದ್ರೆ ಹೋಯ್ತು ಬುಡಣ್ಣ, ಇದ್ದು ಬೆಳಿಗ್ಗೆ ಹೋಗೀಯಂತೆ.' ಅಷ್ಟರಲ್ಲಿ ಕಾಫಿಯ ಪಾತ್ರೆ ಇಳಿದು ಮುದ್ದೆಗೆ ಎಸರು ಏರಿರುತ್ತಿತ್ತು. ನೆಂಟ ಪೇಟೆಯ ಚೀಲವನ್ನು ಮತ್ತೆ ಗೂಟಕ್ಕೆ ಸಿಕ್ಕಿಸುತ್ತಿದ್ದ. ಉಳಿಯುವ ಆಸೆ ಅವನಿಗೂ ಇತ್ತು, ಉಳಿಸಿಕೊಳ್ಳುವ ಆಸೆ ನಮಗೂ ಇತ್ತು. ಅದನ್ನು ಬಾಯಿ ಬಿಟ್ಟು ಹೇಳುವ ಸಂಕೋಚವನ್ನು ಬಸ್ಸು ಕಳೆಯುತ್ತಿತ್ತು.

ಈಗ ಎಲ್ಲರಿಗೂ ಕಾರಿದೆ. ಹೊಸಕೋಟೆಯಿಂದ ಬೇತಮಂಗಲದವರೆಗೆ ಬೆಂಗಳೂರು–ಚೆನ್ನೈ ಎಕ್ಸ್‌ಪ್ರೆಸ್‌ವೇಯ 71 ಕಿಲೋಮೀಟರು 2024ರ ಕೊನೆಯಲ್ಲಿ ಓಡಾಟಕ್ಕೆ ತೆರೆದುಕೊಂಡಿತು. ಬೇತಮಂಗಲದ ಕಡೆಯ ನೆಂಟರು ಹಿಂದೆ ಬಂದರೆ ಎರಡು ದಿನವಾದರೂ ಝಂಡಾ ಊರುತ್ತಿದ್ದರು. ಈಗ ಉಂಡು, ಎಲೆಯಡಿಕೆ ಹಾಕಿ, ಅದು ಬಾಯಲ್ಲಿ ಕೆಂಪಾಗುವ ಹೊತ್ತಿಗೆ ಮನೆ ಮುಟ್ಟಿ, 'ತಲುಪಿದ್ವಿ' ಎಂದು ವಾಟ್ಸಾಪ್ ಮಾಡುತ್ತಾರೆ. ರಸ್ತೆ ಒಳ್ಳೆಯದಾದಷ್ಟೂ ನೆಂಟರು ರಾತ್ರಿ ಉಳಿಯುವುದು ಕಡಿಮೆ. ಇದಕ್ಕೆ ಯಾವ ಇಲಾಖೆಗೆ ಅರ್ಜಿ ಕೊಡಬೇಕೋ ತಿಳಿಯದು.

ಇದರಲ್ಲಿ ಇನ್ನೊಂದು ತಮಾಷೆಯಿದೆ. ಮನೆ ತುಂಬ ನೆಂಟರು ಮಲಗುತ್ತಿದ್ದ ಕಾಲದಲ್ಲಿ ನೆಂಟರಿಗೆಂದು ಕೋಣೆ ಇರಲಿಲ್ಲ. ಗಂಡಸರು ಜಗಲಿಯ ಮೇಲೆ, ಹೆಂಗಸರು ನಡುಮನೆಯಲ್ಲಿ, ಮಕ್ಕಳು ಜಾಗ ಸಿಕ್ಕಲ್ಲಿ, ಬೇಸಿಗೆಯಲ್ಲಿ ಎಲ್ಲರೂ ಅಂಗಳದಲ್ಲಿ. ಈಗ ಸೈಟಿಗೆ ಬೆಲೆ ಬಂದು ಮಾಲೂರು ಹೆಂಚಿನ ಮನೆಗಳ ಜಾಗದಲ್ಲಿ ಎರಡಂತಸ್ತು ಎದ್ದಿವೆ. ಪ್ರತಿ ಮನೆಯಲ್ಲೂ ಒಂದು ಗೆಸ್ಟ್ ರೂಮು. ಅಲ್ಲಿ ಪ್ಲಾಸ್ಟಿಕ್ ಕವರು ಬಿಚ್ಚದ ಹಾಸಿಗೆಯಿದೆ. ಅದರ ಮೇಲೆ ಎರಡು ಮೂಟೆ ರಾಗಿ, ಡಾಕ್ಟರು ಹೇಳಿದರೆಂದು ತಂದ ಸೈಕಲ್ಲು, ಕೆಟ್ಟ ಟಿವಿ, ಮಗಳ ಮದುವೆಯಲ್ಲಿ ಮಿಕ್ಕ ಸ್ಟೀಲ್ ಡಬ್ಬಿಗಳು. ಅಪ್ಪಿತಪ್ಪಿ ಯಾರಾದರೂ 'ಇವತ್ತು ಇಲ್ಲೇ ಇರ್ತೀವಿ' ಎಂದುಬಿಟ್ಟರೆ ಮನೆಯೊಡತಿ ಮೊದಲು ಆ ರಾಗಿಗೆ ಇನ್ನೊಂದು ಕೋಣೆ ಹುಡುಕಬೇಕು.

ಹಾಸಿಗೆ ಇದ್ದಷ್ಟು ಕಾಲು ಚಾಚು ಎಂಬ ಗಾದೆಯನ್ನು ದುಂದು ಮಾಡುವವರಿಗೆ ಹೇಳುತ್ತಾರೆ. ಆದರೆ ನೆಂಟರು ಬಂದ ರಾತ್ರಿ ಅದನ್ನು ಅಕ್ಷರಶಃ ಪಾಲಿಸುವವರು ಮನೆಯವರು. ಹಾಸಿಗೆ, ಮಂಚ, ಫ್ಯಾನಿನ ಕೆಳಗಿನ ಜಾಗ ಎಲ್ಲ ಬಂದವರಿಗೆ. ಮನೆಯ ಯಜಮಾನನಿಗೆ ಈಚಲು ಚಾಪೆ, ಬೆಳಿಗ್ಗೆ ಎದ್ದಾಗ ಬೆನ್ನಿನ ಮೇಲೆ ಅದರ ನೇಯ್ಗೆ. ಹೊದೆಯಲು ಟ್ರಂಕಿನ ತಳದಲ್ಲಿ ಮಡಿಸಿಟ್ಟ ರಗ್ಗು ತೆಗೆಯುತ್ತಾರೆ. ನುಸಿಗುಳಿಗೆಯ ವಾಸನೆಗೆ ನೆಂಟರು ಸೀನುತ್ತಾರೆ, 'ಶೀತ ಆಯ್ತೇನೋ' ಎಂದು ಮನೆಯವರು ಇನ್ನೊಂದು ರಗ್ಗು ಹೊದಿಸುತ್ತಾರೆ.

ಊಟದ ವಿಚಾರ ಬಂದರೆ ನಮ್ಮ ಸೀಮೆ ಒಂದು ತಲೆಮಾರಿನಲ್ಲಿ ಪೂರ್ತಿ ತಲೆಕೆಳಗಾಗಿದೆ. ಇದು ರಾಗಿ ನಾಡು. ಅನ್ನ ಎಂದರೆ ಹಬ್ಬಕ್ಕೆ, ಕಾಯಿಲೆಗೆ, ಇಲ್ಲವೇ ನೆಂಟರಿಗೆ. ಅಕ್ಕಿ ಮೇಲೆ ಆಸೆ, ನೆಂಟರ ಮೇಲೆ ಪ್ರೀತಿ ಎಂಬ ಗಾದೆ ನಮ್ಮಂಥ ಮುದ್ದೆಯೂರಿನಲ್ಲೇ ಹುಟ್ಟಿರಬೇಕೆಂದು ನನ್ನ ಗುಮಾನಿ. ಗದ್ದೆಯವರಿಗೆ ಈ ತೊಳಲಾಟ ಎಲ್ಲಿಂದ ಬರಬೇಕು? ನೆಂಟರು ಬಂದರೆಂದರೆ ಮಕ್ಕಳಿಗೆ ಖುಷಿ, ಏಕೆಂದರೆ ಅವರ ನೆಪದಲ್ಲಿ ಒಂದು ಹಿಡಿ ಅನ್ನ ನಮ್ಮ ತಟ್ಟೆಗೂ ಬೀಳುತ್ತಿತ್ತು. ಈಗ ವೈಟ್‌ಫೀಲ್ಡಿನ ಫ್ಲಾಟಿನಿಂದ ಬರುವ ನೆಂಟರ ಮಕ್ಕಳು, ಮೊಬೈಲು ನೋಡಿ ಕಷ್ಟಪಟ್ಟು ಮಾಡಿದ ಪಲಾವನ್ನು ಪಕ್ಕಕ್ಕೆ ಸರಿಸಿ, 'ಮುದ್ದೆ ಇಲ್ವಾ ದೊಡ್ಡಮ್ಮ?' ಎನ್ನುತ್ತವೆ. ಮುದ್ದೆ ತೊಳೆಸಿ ತಟ್ಟೆಗಿಟ್ಟರೆ ಅದನ್ನು ಸಾರಿನಲ್ಲಿ ಅದ್ದಿ ನುಂಗುವ ಬದಲು ಅಗಿಯುತ್ತವೆ. ಮುದ್ದೆ ಅಗಿಯುವವರನ್ನು ಕಂಡೂ ಕಾಣದಂತೆ ಕೂರುವುದು ನಮ್ಮ ಕಡೆ ಅತಿಥಿ ಸತ್ಕಾರದ ಮೊದಲ ಪಾಠ. ನಮ್ಮ ತಾಯಿಗೆ ಅದೊಂದು ಕೊನೆಯವರೆಗೂ ಒಗ್ಗಲಿಲ್ಲ. 'ನುಂಗಪ್ಪಾ, ಅದೇನು ಕಡ್ಲೆಪುರಿಯಾ?' ಎಂದು ಕೇಳಿಯೇ ಬಿಡುತ್ತಿದ್ದರು.

ಬಿರಿಯಾನಿ ನೆಂಟರದು ಬೇರೆ ಜಾತಿ. ಹೊಸಕೋಟೆಯ ದಮ್ ಬಿರಿಯಾನಿಗೆ ಭಾನುವಾರ ಬೆಳಕು ಹರಿಯುವ ಮೊದಲೇ ಬೆಂಗಳೂರಿನವರು ಸಾಲು ನಿಲ್ಲುವುದು ಈಗ ಲೋಕಕ್ಕೆಲ್ಲ ಗೊತ್ತು. ಆ ಸಾಲಿಗೆ ಹತ್ತಿರವಾಗಲಿ ಎಂದು ಶನಿವಾರ ರಾತ್ರಿ ನಮ್ಮಲ್ಲಿಗೆ ಬರುವವರಿದ್ದಾರೆ. ಇವರು ಪ್ರೀತಿಯಿಂದಲೇ ಬರುತ್ತಾರೆ. ಪ್ರೀತಿ ಯಾರ ಮೇಲೆ ಎಂದು ಕೇಳಬಾರದು. ನಾಲ್ಕು ಗಂಟೆಗೆ ಎದ್ದು ಹೊರಡುತ್ತಾರೆ. ಮನೆಯಾಕೆ ರುಬ್ಬಿಟ್ಟ ಇಡ್ಲಿ ಹಿಟ್ಟು ಸದ್ದಿಲ್ಲದೆ ಹುಳಿಯಾಗುತ್ತದೆ.

ಅತಿಥಿಯನ್ನು ದೇವರೆಂದು ಕಾಣಬೇಕೆಂದು ತೈತ್ತಿರೀಯ ಉಪನಿಷತ್ತಿನ ಶಿಕ್ಷಾವಲ್ಲಿಯಲ್ಲಿ ಗುರು ಓದು ಮುಗಿಸಿದ ಶಿಷ್ಯನಿಗೆ ಹೇಳಿ ಕಳಿಸುತ್ತಾನೆ. ನಾವು ಅದರಲ್ಲಿ ನೈವೇದ್ಯದ ಭಾಗವನ್ನು ಮಾತ್ರ ಹಿಡಿದುಕೊಂಡಿದ್ದೇವೆ. ದೇವಸ್ಥಾನದಲ್ಲಿ ರಾತ್ರಿ ಏನು ಮಾಡುತ್ತಾರೆ ನೋಡಿ. ಶಯನೋತ್ಸವ ಮಾಡಿ, ಹಾಲು ಕೊಟ್ಟು, ಜೋಗುಳ ಹಾಡಿ, ಬಾಗಿಲು ಹಾಕಿಕೊಂಡು ಅರ್ಚಕರು ಮನೆಗೆ ಹೋಗುತ್ತಾರೆ. ಸುಪ್ರಭಾತದವರೆಗೆ ಯಾರೂ ಬಾಗಿಲು ತಟ್ಟುವುದಿಲ್ಲ. ನಮ್ಮ ಮನೆಗಳಲ್ಲಿ ನೆಂಟರ ಶಯನೋತ್ಸವ ಮುಗಿಯುವುದೇ ಇಲ್ಲ. ದೀಪ ಆರಿಸಿದ ಮೇಲೆ ಬಾಗಿಲು ತೆರೆಯುತ್ತದೆ: 'ಫ್ಯಾನು ಜೋರಾಯ್ತಾ?' ಮತ್ತೆ ತೆರೆಯುತ್ತದೆ: 'ಇನ್ನೊಂದು ದಿಂಬು ಇಟ್ಕೊಳ್ಳಿ.' ಇನ್ನೇನು ಕಣ್ಣು ಹತ್ತಿತು ಎನ್ನುವಾಗ, 'ನಿದ್ದೆ ಬಂತಾ ಭಾವ?' ನಿದ್ದೆ ಬಂದವನನ್ನು ಎಬ್ಬಿಸಿ ನಿದ್ದೆ ಬಂತಾ ಎಂದು ಕೇಳುವುದು ಪ್ರೀತಿಯೇ, ಅನುಮಾನವಿಲ್ಲ. ಆದರೆ ಆ ಪ್ರೀತಿಗೆ ಒಂದು ಚಿಲಕ ಬೇಕು.

ನಿಜವಾದ ಉಪಚಾರ ಹೇಗಿರುತ್ತದೆಂದು ನೋಡಬೇಕಾದರೆ ರೇಷ್ಮೆ ಸಾಕುವವರ ಮನೆಗೆ ಹೋಗಬೇಕು. ಅಲ್ಲಿ ನೀವು ನೆಂಟರಲ್ಲ, ಹುಳು ನೆಂಟರು. ಎಳೆಹುಳುವಿನ ಚಾಕಿ ಹಂತದಿಂದ ಗೂಡಿನವರೆಗೆ ಇಪ್ಪತ್ತೈದು ದಿನದ ಮೇಲೆ ಅವು ಮನೆಯಲ್ಲಿ ಬೀಡುಬಿಡುತ್ತವೆ. ಬಿಸಿ ಇಪ್ಪತ್ತೈದು ಡಿಗ್ರಿಯ ಆಸುಪಾಸಿನಲ್ಲೇ ಇರಬೇಕು, ತೇವ ಹೆಚ್ಚೂ ಆಗಬಾರದು ಕಮ್ಮಿಯೂ ಆಗಬಾರದು, ಕಿಟಕಿಗೆ ಊಜಿ ನೊಣ ಬಾರದಂತೆ ಬಲೆ. ಒಳಗೆ ಹೋಗುವವರು ಕೈಕಾಲು ತೊಳೆದೇ ಹೋಗಬೇಕು. ಹುಳು ನಾಲ್ಕು ಸಲ ಜ್ವರಕ್ಕೆ ಕೂರುತ್ತದೆ, ಅಂದರೆ ಪೊರೆ ಬಿಡಲು ಮೇವು ಬಿಟ್ಟು ತಲೆಯೆತ್ತಿ ನಿಲ್ಲುತ್ತದೆ. ಆಗ ಯಾರೂ ಅದನ್ನು 'ಇನ್ನೊಂದೆಲೆ ತಿನ್ನು' ಎಂದು ಬಲವಂತ ಮಾಡುವುದಿಲ್ಲ, ಮುಟ್ಟುವುದೂ ಇಲ್ಲ. ನಾಲ್ಕನೇ ಜ್ವರ ಎದ್ದ ಮೇಲೆ ಮಾತ್ರ ಅದರ ಹಸಿವು ಹಸಿವಲ್ಲ. ಒಟ್ಟು ತಿನ್ನುವ ಸೊಪ್ಪಿನಲ್ಲಿ ಮುಕ್ಕಾಲಿಗಿಂತ ಹೆಚ್ಚನ್ನು ಈ ಕೊನೆಯ ವಾರದಲ್ಲೇ ಮುಗಿಸುತ್ತದೆ. ರಾತ್ರಿ ಆ ಮನೆಯಲ್ಲಿ ಮಲಗಿದರೆ ಸಾವಿರಾರು ಹುಳು ಹಿಪ್ಪುನೇರಳೆ ಸೊಪ್ಪು ಮೇಯುವ ಸದ್ದು ಹೆಂಚಿನ ಮೇಲೆ ಸೋನೆಮಳೆ ಬಿದ್ದ ಹಾಗೆ.

ಎರಡು ಕಾಲಿನ ನೆಂಟರ ಪಾಡು ಅಲ್ಲಿ ಬೇರೆ. ಸೊಳ್ಳೆ ಬತ್ತಿ ಹಚ್ಚುವಂತಿಲ್ಲ, ಆ ಹೊಗೆಗೆ ಹುಳು ಸಾಯುತ್ತದೆ. ಬೀಡಿ ಸಿಗರೇಟು ಬೀದಿಯಲ್ಲೇ. ಸೆಂಟು ಬಳಿದುಕೊಂಡು ಬಂದವರನ್ನು ಜಗಲಿಯಲ್ಲೇ ಕೂರಿಸುತ್ತಾರೆ. ನಿಮ್ಮನ್ನು ಸೊಳ್ಳೆ ಕಚ್ಚಿದರೆ ಬೆಳಿಗ್ಗೆ ಅಯ್ಯೋ ಎನ್ನುತ್ತಾರೆ. ಹುಳು ಒಂದು ಹೊತ್ತು ಮೇವು ಬಿಟ್ಟರೆ ಮನೆಮಂದಿಗೆಲ್ಲ ನಿದ್ದೆಯಿಲ್ಲ. ಇದರಲ್ಲಿ ನ್ಯಾಯವೂ ಇದೆ. ಆ ನೆಂಟ ಹೋಗುವಾಗ ಗೂಡು ಕಟ್ಟಿಟ್ಟು ಹೋಗುತ್ತಾನೆ, ಅದಕ್ಕೆ ಶಿಡ್ಲಘಟ್ಟದ ಮಾರುಕಟ್ಟೆಯಲ್ಲಿ ಹರಾಜಾಗಿ ದುಡ್ಡು ಬರುತ್ತದೆ. ನಾವು ಹೋಗುವಾಗ ಮಗುವಿನ ಕೈಗೆ ನೂರು ರೂಪಾಯಿ ತುರುಕುತ್ತೇವೆ, ಅದನ್ನೂ ಅದರಮ್ಮ ವಾಪಸ್ಸು ತುರುಕುತ್ತಾಳೆ.

ಆದರೂ ಹುಳುವಿನ ಮನೆಯವರಿಂದ ಒಂದು ಕಲಿಯಬಹುದು: ಬೇಕಾದ್ದನ್ನು ಮೊದಲೇ ಅಣಿ ಮಾಡಿಟ್ಟು, ಆಮೇಲೆ ಸುಮ್ಮನಿರುವುದು. ರಾತ್ರಿ ಉಳಿಯುವವರಿಗೆ ಬೇಕಾದ್ದು ಬಹಳ ಕಡಿಮೆ. ತಲೆದೆಸೆಯಲ್ಲಿ ಒಂದು ಚೊಂಬು ನೀರು. ಬಚ್ಚಲಿನ ದೀಪದ ಸ್ವಿಚ್ಚು ಯಾವುದೆಂಬ ಮಾಹಿತಿ. ಹೊಸ ಮನೆಗಳ ಒಂದೊಂದು ಬೋರ್ಡಿನಲ್ಲೂ ಹತ್ತು ಹನ್ನೆರಡು ಸ್ವಿಚ್ಚು, ನಡುರಾತ್ರಿ ನೆಂಟರು ಒಂದೊಂದಾಗಿ ಒತ್ತುತ್ತ ಬಂದರೆ ದೇವರ ಮನೆಯ ಸೀರಿಯಲ್ ಸೆಟ್ಟಿನಿಂದ ಹಿಡಿದು ಗೇಟಿನ ದೀಪದವರೆಗೆ ಮನೆಯೆಲ್ಲ ದೀಪಾವಳಿ. ಬಿಸಿನೀರಿನ ನಲ್ಲಿ ಯಾವ ಕಡೆಯದೆಂದೂ ಹೇಳಿಬಿಡಬೇಕು. ಇನ್ನು ನಾಯಿ. ಕತ್ತಲಾಗುವ ಮೊದಲೇ ನಾಯಿಗೂ ನೆಂಟರಿಗೂ ಪರಿಚಯ ಮಾಡಿಸದಿದ್ದರೆ ಬೀಗರು ರಾತ್ರಿಯಿಡೀ ಬಚ್ಚಲಿಗೆ ಹೋಗದೆ ಬಿಗಿಹಿಡಿದು ಕೂರಬೇಕಾಗುತ್ತದೆ. ಬೀಗಸ್ತನಕ್ಕೆ ಅದು ಒಳ್ಳೆಯದಲ್ಲ.

ಹಳ್ಳಿ ಎಂದರೆ ನೆಮ್ಮದಿಯ ನಿದ್ದೆ ಎಂದುಕೊಂಡು ಬರುವ ಪೇಟೆಯವರಿಗೆ ಮಾತ್ರ ಮೊದಲೇ ಎಚ್ಚರಿಸುವುದು ಲೇಸು. ಸರಿರಾತ್ರಿಯಲ್ಲಿ ತ್ರೀಫೇಸ್ ಕರೆಂಟು ಬಂದರೆ ತೋಟದ ಮೋಟರುಗಳು ಒಟ್ಟಿಗೇ ಹೊರಡುತ್ತವೆ. ಆಮೇಲೆ ಬೆಂಗಳೂರಿನ ಮಾರುಕಟ್ಟೆಗೆ ಹೂವು ತರಕಾರಿ ಹೊತ್ತ ಟೆಂಪೊಗಳು. ಆಮೇಲೆ ಕೋಳಿ. ಕೋಳಿ ಮುಗಿಸುವ ಹೊತ್ತಿಗೆ ಗುಡಿಯ ಮೈಕು, ಮೈಕಿನ ಹಿಂದೆಯೇ ಡೈರಿಗೆ ಹೊರಟ ಹಾಲಿನ ಕ್ಯಾನುಗಳು. ಇಷ್ಟನ್ನೂ ಸಹಿಸಿದವರಿಗೆ ಹಂಡೆಯ ಸ್ನಾನ ಕಾದಿರುತ್ತದೆ. ನೆಲದ ನೀರನ್ನೆಲ್ಲ ಹೀರುತ್ತದೆಂದು ಸರ್ಕಾರ 2017ರಲ್ಲಿ ನೀಲಗಿರಿ ನೆಡುವುದನ್ನೇ ನಿಷೇಧಿಸಿತು, ಸರಿಯಾಗಿಯೇ ಮಾಡಿತು. ಆದರೆ ಹಳೆಯ ತೋಪಿನ ನೀಲಗಿರಿ ಪುಳ್ಳೆ ಉರಿಸಿ ಕಾಯಿಸಿದ ನೀರಿಗೆ ಯಾವ ಗೀಸರೂ ಸಮವಲ್ಲ.

ಈಗ ನಿಜವಾಗಿ ರಾತ್ರಿ ಇರಲು ಬರುವವರೆಂದರೆ ವಿಮಾನದ ನೆಂಟರು. 2008ರ ಮೇ ತಿಂಗಳಲ್ಲಿ ದೇವನಹಳ್ಳಿಯಲ್ಲಿ ವಿಮಾನ ನಿಲ್ದಾಣ ಶುರುವಾದ ಮೇಲೆ ನಮ್ಮಂಥ ಊರಿನವರಿಗೂ ಈ ಭಾಗ್ಯ ಬಂತು. ಮಗಳ ಬಾಣಂತನಕ್ಕೆ ಅಮೆರಿಕಕ್ಕೆ ಹೊರಟ ಗಂಡಹೆಂಡತಿ ಸಂಜೆಗೇ ಬಂದಿಳಿಯುತ್ತಾರೆ. ಒಂದೊಂದು ಪೆಟ್ಟಿಗೆಗೂ 23 ಕೆ.ಜಿ. ಮಿತಿ. ಬೀನ್ಸು, ಟೊಮ್ಯಾಟೊ ತೂಗುವ ತಕ್ಕಡಿಯ ಮೇಲೆ ಪೆಟ್ಟಿಗೆಗಳನ್ನೇರಿಸಿ ಊರಿನ ಅರ್ಧ ಜನ ಸುತ್ತ ನಿಂತು ಸಲಹೆ ಕೊಡುತ್ತಾರೆ. ಹುರಿಹಿಟ್ಟು ಹೊರಗೆ, ಚಟ್ನಿಪುಡಿ ಒಳಗೆ. ಮತ್ತೆ ತೂಗಿದರೆ ಅರ್ಧ ಕೆ.ಜಿ. ಜಾಸ್ತಿ, ಅಳಿಯನ ಷರಟು ಹೊರಗೆ. ಹಾಸಿಗೆ ಹಾಸಿ ಕೊಟ್ಟರೂ ಮಲಗುವುದಿಲ್ಲ, ಪಾಸ್‌ಪೋರ್ಟು ಇದೆಯೇ ಎಂದು ತಡವಿಕೊಳ್ಳುತ್ತ ಕೂರುತ್ತಾರೆ. ಹನ್ನೊಂದೂವರೆಗೆ ಟ್ಯಾಕ್ಸಿ. ಇವರು ರಾತ್ರಿ ಉಳಿಯುವ ನೆಂಟರಲ್ಲ, ರಾತ್ರಿ ಹೊರಡುವ ನೆಂಟರು.

ನೆಂಟರ ಸಂಕೋಚ ಬಿಡಿಸುವ ಉಪಾಯ ಒಂದೇ ಒಂದು ನನಗೆ ಗೊತ್ತು: ಅವರ ಕೈಗೆ ಕೆಲಸ ಕೊಡುವುದು. ಸುಮ್ಮನೆ ಸೋಫಾದ ಮೇಲೆ ಕೂರಿಸಿ ಉಪಚಾರ ಮಾಡಿದಷ್ಟೂ ಮನುಷ್ಯ ಬಿಗಿಯುತ್ತಾನೆ. ಇದಕ್ಕೆ ಅವರೆಕಾಯಿ ಕಾಲದಷ್ಟು ಪ್ರಶಸ್ತವಾದದ್ದು ಬೇರೊಂದಿಲ್ಲ. ಸುಲಿದ ಕಾಳನ್ನು ನೀರಿನಲ್ಲಿ ನೆನೆಹಾಕಿ, ರಾತ್ರಿ ಊಟವಾದ ಮೇಲೆ ನಡುಮನೆಯಲ್ಲಿ ಎಲ್ಲರೂ ಸುತ್ತ ಕೂತು ಹಿಸುಕಬೇಕು. ಹೆಬ್ಬೆರಳು ತೋರುಬೆರಳ ನಡುವೆ ಒತ್ತಿದರೆ ಬೇಳೆ ಸಿಪ್ಪೆಯಿಂದ ಚಂಗನೆ ಹಾರುತ್ತದೆ. ಕೈ ಪಳಗದವರದು ಪಾತ್ರೆ ಬಿಟ್ಟು ಎದುರಿನವರ ಕನ್ನಡಕಕ್ಕೆ. ಬ್ಯಾಂಕಿನ ಮ್ಯಾನೇಜರಾಗಲಿ, ಹೊಸ ಅಳಿಯನಾಗಲಿ, ಬೀಗತಿಯಾಗಲಿ, ಒಂದು ಸಲ ಯಾರದಾದರೂ ಮೂಗಿಗೆ ಕಾಳು ಹೊಡೆದ ಮೇಲೆ ಆ ಮನೆಯಲ್ಲಿ ಪರಕೀಯರಾಗಿ ಉಳಿಯುವುದಿಲ್ಲ. ಊರಿನ ಹಳೆಯ ಜಗಳ, ಹೊಲದ ತಗಾದೆ, ಯಾರು ಯಾರಿಗೆ ಸೈಟು ಮಾರಿದರು, ಎಲ್ಲ ಅಲ್ಲೇ ಬಿಚ್ಚಿಕೊಳ್ಳುತ್ತದೆ. ಪಾತ್ರೆ ತುಂಬುವ ಹೊತ್ತಿಗೆ ಕುಳಿತಲ್ಲೇ ಗೋಡೆಗೊರಗಿ ಗೊರಕೆ ಶುರುವಾಗಿರುತ್ತದೆ. ಗೆಸ್ಟ್ ರೂಮಿನ ರಾಗಿ ಮೂಟೆ ಕದಲಿಸಬೇಕಾಗಿಯೇ ಇಲ್ಲ.

ಆದ್ದರಿಂದ, ನಮ್ಮ ಕಡೆ ಬರುವುದಾದರೆ ಡಿಸೆಂಬರು, ಜನವರಿಯಲ್ಲಿ ಬನ್ನಿ. ಆಗ ಅವರೆಗೆ ಸೊಗಡಿರುತ್ತದೆ, ಬೆಳಗಿನ ಮಂಜಿನಲ್ಲಿ ನಿಮ್ಮ ಕಾರೂ ಬೇಗ ಹೊರಡಲಾರದು. ಬರುವ ಮುಂಚೆ ಫೋನು ಮಾಡಬೇಡಿ, ಮಾಡಿದರೆ ಪಲಾವು ಮಾಡಿಬಿಡುತ್ತಾರೆ. ರಗ್ಗು, ಚಾಪೆ, ದಿಂಬು ಎಲ್ಲ ಇದೆ. ಮೊಬೈಲಿನ ಚಾರ್ಜರು ಮಾತ್ರ ನಿಮ್ಮದೇ ತನ್ನಿ. ನಮ್ಮ ಮನೆಯದು ಹಿಂದಿನ ನೆಂಟರ ಜೊತೆ ಹೋಗಿದೆ.